ಕ್ರಿಸ್ಟೊ, ಜಾನ್-ಕ್ಲೋಡ್: ಕಟ್ಟದೇ ಉಳಿದ ಎರಡು ಕಲಾಯೋಜನೆಗಳಲ್ಲಿ ಯಾವುದರ ಬಗ್ಗೆ ಮೊದಲು ಓದಬೇಕು?

ಕ್ರಿಸ್ಟೊ, ಜಾನ್-ಕ್ಲೋಡ್ ಬಯಲಿನಲ್ಲಿ ಬೃಹತ್ ಕಲಾಕೃತಿಗಳನ್ನು ಕಟ್ಟುತ್ತಿದ್ದ ಕಲಾವಿದ ದಂಪತಿ. ನನ್ನ ಆಯ್ಕೆ ‘ಓವರ್ ದಿ ರಿವರ್’. ಅಮೆರಿಕದ ಕೊಲೊರಾಡೊ ರಾಜ್ಯದ ಅರ್ಕಾನ್ಸಾ ನದಿಯ ಮೇಲೆ, 67 ಕಿ.ಮೀ. ಹರಿವಿನಲ್ಲಿ ಅಲ್ಲಲ್ಲಿ, ಒಟ್ಟು 9.5 ಕಿ.ಮೀ. ಬೆಳ್ಳಿ ಬಣ್ಣದ ಬಟ್ಟೆ ಕಟ್ಟುವ ಯೋಜನೆ. ಅದೂ ಎರಡೇ ವಾರಕ್ಕೆ! ಇದಕ್ಕಾಗಿ ಸರ್ಕಾರ ಪರಿಸರ ಪರಿಣಾಮದ ಪೂರ್ತಿ ಅಧ್ಯಯನ ಮಾಡಿಸಿತು. ವಿರೋಧಿಗಳು ಕೋರ್ಟಿಗೆ ಹೋದರು. ಜಮೀನು ಕೇಂದ್ರ ಸರ್ಕಾರದ್ದು. ಟ್ರಂಪ್ ಅಧ್ಯಕ್ಷರಾದ ಮೇಲೆ, 2017ರಲ್ಲಿ, ಜಮೀನಿನ ಅಂಥ ಮಾಲೀಕನಿಗೆ, ಅಂದರೆ ಟ್ರಂಪ್ ಸರ್ಕಾರಕ್ಕೆ, ಲಾಭವಾಗುವ ಕೆಲಸ ಬೇಡ ಎಂದು ಕ್ರಿಸ್ಟೊ ಕೈಬಿಟ್ಟರು. ನದಿ, ಜನ, ಕಾನೂನು, ರಾಜಕೀಯ ಎಲ್ಲವೂ ಇದರಲ್ಲಿದೆ, ಅಲ್ವಾ?

ಗಾತ್ರ, ಎಂಜಿನಿಯರಿಂಗ್ ಜಾಸ್ತಿ ಇಷ್ಟವೇ? ಹಾಗಾದರೆ ಅಬುಧಾಬಿಯ ‘ಮಸ್ತಬಾ’. ಮಸ್ತಬಾ ಅಂದರೆ ಇಳಿಜಾರು ಬದಿ, ಚಪ್ಪಟೆ ತಲೆಯ ಪ್ರಾಚೀನ ಈಜಿಪ್ಟಿನ ಸಮಾಧಿ; ಆ ಆಕಾರದ ಕಲಾಕೃತಿ ಇದು. 1977ರ ಕನಸು. ಮರಳುಗಾಡಿನಲ್ಲಿ 4,10,000 ಪೀಪಾಯಿಗಳನ್ನು (ಬ್ಯಾರೆಲ್) ಪೇರಿಸಿ, 150 ಮೀಟರ್ ಎತ್ತರ, ಶಾಶ್ವತವಾಗಿ ನಿಲ್ಲಿಸುವ ಯೋಜನೆ. ಇದರ ಚಿಕ್ಕ ರೂಪವೊಂದು 2018ರಲ್ಲಿ ಲಂಡನ್ನಿನ ಸರ್ಪೆಂಟೈನ್ ಕೆರೆಯಲ್ಲಿ ತೇಲಿತ್ತು. ಅದರ ಫೋಟೊಗಳಿಂದಲೇ ಓದು ಶುರು ಮಾಡಬಹುದು.