ಮಿರ್ಚಿ ಜೊತೆ ನೇವಿ ಕಥೆ ಫ್ರೀ

ದಾವಣಗೆರೆ ವಿದ್ಯಾನಗರದ ಕಡೆ ಸಂಜೆ ಮಾತ್ರ ತೆಗಿಯೋ ಸಣ್ಣ ಮಂಡಕ್ಕಿ ಅಂಗಡಿ, ಬೋರ್ಡ್ ಇಲ್ಲ, ನೇವಿ ಅಂಕಲ್ ಅಂಗಡಿ ಎಲ್ಲಿ ಅಂದ್ರೆ ಯಾರಾದ್ರೂ ತೋರಿಸ್ತಾರೆ. ಮಿರ್ಚಿ ಸೂಪರ್, ಎಣ್ಣೆ ಕುಡಿದಿರಲ್ಲ. ಖಾರ ಮಂಡಕ್ಕಿ ಮಾತ್ರ ಮಳೆ ಬಂದ ದಿನ ಮೆತ್ತಗಾಗಿತ್ತು.

ಆದ್ರೆ ಜನ ನಿಲ್ಲೋದು ಮಾತಿಗೆ. ಅಂಕಲ್ ಹಡಗಿನ ಇಂಜಿನ್ ರೂಮಲ್ಲಿ ಇದ್ದೋರು, ಒಂದ್ಸಲ ಡೀಸೆಲ್ ಪೈಪ್ ಲೀಕಾಗಿ ಕಾದ ಎಕ್ಸಾಸ್ಟ್ ಮೇಲೆ ಬಿದ್ದು ಭಗ್ ಅಂತ ಹತ್ಕೊಂತಂತೆ, ಹೊಗೇಲಿ ತಮ್ಮ ಕೈ ತಮಗೇ ಕಾಣದೆ ಏಣಿ ತಡಕಾಡಿ ಮೇಲೆ ಬಂದ್ರಂತೆ, ಆಮೇಲೆ ಬಾಗಿಲು ಮುಚ್ಚಿ ಬೆಂಕಿ ನಂದಿಸೋ ಗ್ಯಾಸ್ ಬಿಟ್ಟು ಆರಿಸಿದ್ರಂತೆ. ಇದನ್ನ ಕುದಿಯೋ ಎಣ್ಣೆ ಬಾಣಲೆ ಮುಂದೆ ನಿಂತು ಹೇಳ್ತಾರೆ ನೋಡ್ರಿ! ಒಲೆ ಪಕ್ಕ ಮರಳಿನ ಬಕೆಟ್ ಇದ್ದೇ ಇರುತ್ತೆ, "ಎಣ್ಣೆ ಬೆಂಕಿಗೆ ನೀರು ಹಾಕಿದ್ರೆ ಕೆಟ್ಟೆ ತಮ್ಮಾ" ಅಂತಾರೆ. ಬೇರೆ ಯಾವ ಮಿರ್ಚಿ ಅಂಗಡೀಲೂ ಇದನ್ನ ನಾ ನೋಡಿಲ್ಲ.

ನಮ್ಮ ನೇವಿಯ ಯುದ್ಧಹಡಗು ಐಎನ್‌ಎಸ್ ಖುಕ್ರಿ ಮಾತು ಬಂದ್ರೆ ಮಾತ್ರ ಕೈಲಿರೋ ಜಾಲರಿ ಸೌಟು ಕೆಳಗಿಡ್ತಾರೆ. ಅದು ಅವರು ಸೇರೋಕೆ ಮುಂಚೆ, 1971ರ ಡಿಸೆಂಬರ್ 9, ದಿಯು ಹತ್ರ ಪಾಕಿಸ್ತಾನದ ಸಬ್‌ಮರೀನ್ ಹೊಡೆದು ಮುಳುಗಿಸ್ತು, 18 ಆಫೀಸರ್ಸು 176 ನಾವಿಕರು ಹೋದ್ರು, ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ.

ಕೂರೋಕೆ ಜಾಗ ಇಲ್ಲ, ಫೋನ್‌ಪೇ ಐತೆ, ಎಂಟರ ಮೇಲೆ ಮಿರ್ಚಿ ಸಿಗಲ್ಲ. ನಾಲ್ಕು ಸ್ಟಾರ್, ಒಂದು ಕಟ್ ಮಂಡಕ್ಕಿಗೆ.