ಇಂಗ್ಲಿಷ್ ವ್ಯಾಕರಣಕ್ಕೆ ತರಗತಿಯೋ, ಆ್ಯಪೋ, ಪುಸ್ತಕವೋ: ಮೂರನ್ನೂ ಬಳಸಿ ನೋಡಿದ ಮೇಲೆ

ತುಮಕೂರಿನ ಬಿ.ಎಚ್. ರಸ್ತೆಯ ಒಂದು ಸ್ಪೋಕನ್ ಇಂಗ್ಲಿಷ್ ತರಗತಿಗೆ ಮೂರು ತಿಂಗಳಿಗೆಂದು 6,000 ರೂಪಾಯಿ ಕಟ್ಟಿದ್ದೆ. ಕೊನೆಗೆ ನನ್ನ ಕೆಲಸಕ್ಕೆ ಬಂದದ್ದು ಅಶೋಕ ರಸ್ತೆಯಲ್ಲಿ 500 ಚಿಲ್ಲರೆ ರೂಪಾಯಿಗೆ ಕೊಂಡ ಕೆಂಪು ಹೊದಿಕೆಯ ಒಂದು ಪುಸ್ತಕ. ಅದು ರೇಮಂಡ್ ಮರ್ಫಿಯವರ ‘ಎಸೆನ್ಷಿಯಲ್ ಗ್ರಾಮರ್ ಇನ್ ಯೂಸ್’. ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು, ವಸಂತನರಸಾಪುರದ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿದ್ದೇನೆ. ನನಗೆ ಬೇಕಿದ್ದುದು ಸರಕು ಪೂರೈಸುವವರಿಗೆ ತಪ್ಪಿಲ್ಲದೆ ನಾಲ್ಕು ಸಾಲು ಮೇಲ್ ಬರೆಯುವಷ್ಟು ಇಂಗ್ಲಿಷ್ ಮಾತ್ರ.

ತರಗತಿಯ ಮೇಷ್ಟ್ರು ಇಂಗ್ಲಿಷ್ ಕಾಲಗಳನ್ನೆಲ್ಲ ಕನ್ನಡ ಕ್ರಿಯಾಪದಗಳಿಗೆ ಗಂಟು ಹಾಕಿ ಕಲಿಸುತ್ತಿದ್ದರು. ‘ಮಾಡಿದೆ’ ಎಂದರೆ ‘ಡಿಡ್’, ‘ಮಾಡಿದ್ದೇನೆ’ ಎಂದರೆ ‘ಹ್ಯಾವ್ ಡನ್’, ‘ಮಾಡಿದ್ದೆ’ ಎಂದರೆ ‘ಹ್ಯಾಡ್ ಡನ್’. ಮೊದಲ ವಾರ ಇಷ್ಟು ಸುಲಭದ ವಿಷಯಕ್ಕೆ ಇಷ್ಟು ವರ್ಷ ಹೆದರಿದೆನಲ್ಲ ಎನ್ನಿಸಿತು. ಆದರೆ ಕನ್ನಡದಲ್ಲಿ ನಾವು ‘ಬಿಲ್ಲನ್ನು ನಿನ್ನೆಯೇ ಕಳುಹಿಸಿದ್ದೇನೆ’ ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇವೆ, ‘ನಿನ್ನೆ’ಗೂ ‘ಇದ್ದೇನೆ’ಗೂ ಇಲ್ಲಿ ಜಗಳವಿಲ್ಲ. ಮೇಷ್ಟ್ರ ಸೂತ್ರವನ್ನು ನಂಬಿ ನಾನೂ ‘ಐ ಹ್ಯಾವ್ ಸೆಂಟ್ ದಿ ಬಿಲ್ ಯೆಸ್ಟರ್‌ಡೇ’ ಎಂದು ಬರೆಯುತ್ತಾ ಹೋದೆ, ನಮ್ಮ ಮ್ಯಾನೇಜರ್ ಪ್ರತಿ ಸಲವೂ ಆ ‘ಹ್ಯಾವ್’ ಅನ್ನು ಅಳಿಸುತ್ತಾ ಹೋದರು. ‘ನಿನ್ನೆ’, ‘ಕಳೆದ ವಾರ’, ‘2019ರಲ್ಲಿ’ ಎಂದು ಮುಗಿದುಹೋದ ಸಮಯವನ್ನು ಹೆಸರಿಸಿದ ಮೇಲೆ ಇಂಗ್ಲಿಷ್‌ನಲ್ಲಿ ‘ಐ ಸೆಂಟ್’ ಎಂದೇ ಬರೆಯಬೇಕು. ಯಾವಾಗ ಎಂದು ಹೇಳದೆ, ಬಿಲ್ಲು ಈಗ ಅವರ ಕೈಯಲ್ಲಿದೆ ಎಂಬುದಷ್ಟೇ ಮುಖ್ಯವಾದಾಗ ‘ಐ ಹ್ಯಾವ್ ಸೆಂಟ್’ ಸರಿ. ಇದನ್ನು ಕೇಳಿದಾಗ ಮೇಷ್ಟ್ರು, ಎರಡೂ ನಡೆಯುತ್ತದೆ ಬಿಡಿ ಎಂದರು.

ಇದೇ ಸೂತ್ರದಿಂದ ಹುಟ್ಟಿದ ಇನ್ನೊಂದು ತೊಡಕು ನಮ್ಮ ‘ಇಂದ’ ಪ್ರತ್ಯಯದ್ದು. ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’, ‘2019ರಿಂದ ಕೆಲಸ ಮಾಡುತ್ತಿದ್ದೇನೆ’ ಎಂಬ ಎರಡಕ್ಕೂ ಕನ್ನಡದಲ್ಲಿ ಒಂದೇ ‘ಇಂದ’ ಸಾಕು. ಇಂಗ್ಲಿಷ್ ಮಾತ್ರ ಅವಧಿಯ ಅಳತೆಗೆ ‘ಫಾರ್’, ಆರಂಭದ ಬಿಂದುವಿಗೆ ‘ಸಿನ್ಸ್’ ಎಂದು ಬೇರೆ ಮಾಡುತ್ತದೆ, ಮೇಲಾಗಿ ‘ಮಾಡುತ್ತಿದ್ದೇನೆ’ ಎಂಬಲ್ಲಿ ‘ಆ್ಯಮ್ ವರ್ಕಿಂಗ್’ ಬದಲು ‘ಹ್ಯಾವ್ ಬೀನ್ ವರ್ಕಿಂಗ್’ ಬೇಡುತ್ತದೆ. ಬಡ್ತಿಗೆ ಸಲ್ಲಿಸಿದ ಅರ್ಜಿಯಲ್ಲಿ ನಾನು ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂದು ಬರೆದಿದ್ದೆ. ಒಂದೇ ವಾಕ್ಯದಲ್ಲಿ ಎರಡು ತಪ್ಪು!

ಪುಸ್ತಕದಲ್ಲಿ ಕನ್ನಡದ ಒಂದಕ್ಷರವೂ ಇಲ್ಲ, ಅದರ ಬಲವೂ ತೊಂದರೆಯೂ ಅಲ್ಲಿಯೇ ಇದೆ. ಎಡಪುಟದಲ್ಲಿ ಚಿತ್ರಸಹಿತ ವಿವರಣೆ, ಬಲಪುಟದಲ್ಲಿ ಅದರ ಅಭ್ಯಾಸ, ಕೊನೆಯಲ್ಲಿ ಉತ್ತರಗಳು. ‘ಐ ಹ್ಯಾವ್ ಡನ್’ ಮತ್ತು ‘ಐ ಡಿಡ್’ ಎಂಬ ಎರಡನ್ನೂ ಎದುರುಬದುರು ನಿಲ್ಲಿಸಿ ತೋರಿಸುವುದರಿಂದ ನನ್ನ ಆ ‘ನಿನ್ನೆ’ಯ ಗೊಂದಲ ನಾಲ್ಕು ಸಂಜೆಗಳಲ್ಲಿ ಬಗೆಹರಿಯಿತು. ಆದರೆ ಮೊದಲ ಹತ್ತು ದಿನ ನಿಘಂಟು ಪಕ್ಕದಲ್ಲಿಲ್ಲದೆ ಒಂದು ಪುಟವೂ ಮುಂದೆ ಸಾಗಲಿಲ್ಲ. ಸರಳ ಇಂಗ್ಲಿಷ್ ವಾಕ್ಯವನ್ನು ಓದಿ ಅರ್ಥ ಮಾಡಿಕೊಳ್ಳಲು ಬಾರದವರಿಗೆ ಇದನ್ನು ಕೊಳ್ಳಿರೆಂದು ಹೇಳಲಾರೆ. ಇದೇ ಲೇಖಕರ ನೀಲಿ ಹೊದಿಕೆಯ ಪುಸ್ತಕ ಮುಂದಿನ ಹಂತದ್ದು, ಅದನ್ನು ನಾನಿನ್ನೂ ಮುಟ್ಟಿಲ್ಲ.

ಆ್ಯಪ್ ವಿಷಯ ಹೆಚ್ಚಿಲ್ಲ. ಉಚ್ಚಾರಣೆ ಕೇಳಿಸುವುದು ಅದರ ನಿಜವಾದ ಅನುಕೂಲ. ವ್ಯಾಕರಣಕ್ಕೆ ಬಂದರೆ, ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತಿದರೆ ಹಸಿರೋ ಕೆಂಪೋ ತೋರಿಸುತ್ತದೆಯೇ ಹೊರತು ಏಕೆ ಎಂಬುದನ್ನು ಹೇಳುವುದಿಲ್ಲ. ಊಹಿಸಿಯೇ ಅಂಕಗಳನ್ನು ಗಳಿಸಿದ ನನಗೆ, ಮೇಲ್ ಬರೆಯಲು ಕುಳಿತಾಗ ಆರಿಸಲು ನಾಲ್ಕು ಉತ್ತರಗಳಿರಲಿಲ್ಲ. ವರ್ಷದ ಚಂದಾ ಮುಗಿದಿದೆ, ನವೀಕರಿಸಿಲ್ಲ.

ತರಗತಿಯಲ್ಲಿ ಇಪ್ಪತ್ತು ಜನರ ಎದುರು ಎಬ್ಬಿಸಿ ನಿಲ್ಲಿಸಿ ಮಾತನಾಡಿಸುತ್ತಾರೆ, ಬಾಯಿ ಬಿಡಲು ಇರುವ ಅಂಜಿಕೆ ಅದರಿಂದ ಕಳೆಯುತ್ತದೆ. ಸಂದರ್ಶನಕ್ಕೆ ಸಿದ್ಧವಾಗುತ್ತಿರುವವರು ಪುಸ್ತಕವನ್ನು ಬಿಟ್ಟು ಅಲ್ಲಿಗೇ ಹೋಗುವುದು ಸರಿಯಾದೀತು. ನನ್ನ ಸ್ಥಿತಿ ಬೇರೆ: ವಾರಕ್ಕೊಮ್ಮೆ ಶಿಫ್ಟ್ ಬದಲಾಗುತ್ತದೆ, ಎರಡನೇ ಶಿಫ್ಟಿನ ವಾರಗಳಲ್ಲಿ ಸಂಜೆಯ ಪಾಠಗಳೆಲ್ಲ ತಪ್ಪಿ, ಕಟ್ಟಿದ ಶುಲ್ಕದಲ್ಲಿ ಅರ್ಧದಷ್ಟು ಹಾಗೆಯೇ ಹೋಯಿತು. ಪುಸ್ತಕವಾದರೆ ಕ್ಯಾತ್ಸಂದ್ರದಲ್ಲಿ ಕಂಪನಿಯ ಬಸ್ಸಿಗೆ ಕಾಯುವಾಗಲೂ ಪೆನ್ಸಿಲ್ ಹಿಡಿದು ಒಂದು ಅಭ್ಯಾಸ ಮುಗಿಸಬಹುದು.

ಕೊಳ್ಳುವವರು ಅಂಗಡಿಯಲ್ಲಿಯೇ ಕೊನೆಯ ಪುಟಗಳನ್ನು ತೆರೆದು ನೋಡಬೇಕು, ಏಕೆಂದರೆ ಉತ್ತರಗಳಿಲ್ಲದ ಮುದ್ರಣವೂ ಇದೆ. ಅದು ತರಗತಿಗಳಲ್ಲಿ ಬಳಸಲೆಂದು ಮಾಡಿದ್ದು, ನನ್ನಂತೆ ಒಬ್ಬರೇ ಕುಳಿತು ಕಲಿಯುವವರಿಗೆ ಅದರಿಂದ ಉಪಯೋಗವಿಲ್ಲ.