ಹಳೇ ಜೀಪಿನ ವೀಲ್ ಸ್ಟಡ್ ಸೆಟ್: ಸ್ಟಡ್ ತಗೊಳ್ಳಿ, ಜೊತೆಗೆ ಬರುವ ನಟ್ ಬೇಡ

ಮಹೀಂದ್ರ ಸಿಜೆ 3ಬಿ ಜೀಪಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಿಂದ ವೀಲ್ ಸ್ಟಡ್ (ಚಕ್ರದ ನಟ್ ಬಿಗಿಯುವ ಬೋಲ್ಟ್) ಸೆಟ್ ತಂದೆ. ಅವನ್ನು ಕೂರಿಸಲು ಬೇರಿಂಗ್ ಇರುವ ಒಂದು ಸಣ್ಣ ಟೂಲನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಮನೆಯ ಶೆಡ್ಡಿನಲ್ಲೇ ಹಾಕಿ, ಒಂದು ಇಡೀ ಮಳೆಗಾಲ ಓಡಿಸಿ ಈಗ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ. ಸ್ಟಡ್ ಒಳ್ಳೆಯದು, ಟೂಲ್ ಇನ್ನೂ ಒಳ್ಳೆಯದು. ಸೆಟ್ ಜೊತೆಗೆ ಬರುವ ನಟ್ ಮಾತ್ರ ಹಾಕಬೇಡಿ.

ನಮ್ಮದು ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟ. ಜೀಪನ್ನು ನಮ್ಮ ಮಾವ ಎಪ್ಪತ್ತರ ದಶಕದಲ್ಲಿ ಕೊಂಡಿದ್ದು. ಹರಿಕೇನ್ ಪೆಟ್ರೋಲ್ ಎಂಜಿನ್ ಇನ್ನೂ ಅದೇ ಇದೆ. ಈ ಕಡೆ ಜಾಸ್ತಿ ಜನ ಎಂಜಿನ್ ಕಿತ್ತು ಡೀಸೆಲ್ ಹಾಕಿಸಿಕೊಂಡಿದ್ದಾರೆ, ನಾವು ಹಾಕಿಸಲಿಲ್ಲ. ಕೊಯ್ಲಿನ ಕಾಲಕ್ಕೆ ಕಣದ ತನಕ ಮೂಟೆ ಹೊರುತ್ತದೆ, ಉಳಿದ ಕಾಲದಲ್ಲಿ ನನ್ನ ಜೊತೆ ಪೇಟೆ ಸುತ್ತುತ್ತದೆ.

ಸ್ಟಡ್ ಬದಲಾಯಿಸುವ ಪರಿಸ್ಥಿತಿ ಬಂದದ್ದು ಒಂದು ಪಂಕ್ಚರ್ ಅಂಗಡಿಯಿಂದ. ಹಳೇ ವಿಲ್ಲಿಸ್, ಮಹೀಂದ್ರ ಜೀಪ್‌ಗಳ ಎಡಗಡೆ ಚಕ್ರಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ. ಬಿಚ್ಚಬೇಕಾದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಅಲ್ಲಿನ ಹುಡುಗನಿಗೆ ಇದು ಗೊತ್ತಿರಲಿಲ್ಲ. ಗಾಳಿ ಗನ್ ಹಿಡಿದು ಎಲ್ಲ ಗಾಡಿಗೂ ಬಿಚ್ಚುವ ಹಾಗೆ ಬಿಚ್ಚಲು ಹೋದ. ಗನ್ ಬಿಗಿ ಮಾಡುತ್ತಾ ಹೋಯಿತು. ಒಂದು ಸ್ಟಡ್ ಕಟ್ಟಾಯಿತು, ಇನ್ನೊಂದರ ಥ್ರೆಡ್ ಪುಡಿಯಾಯಿತು. ಹುಡುಗನ ಮೇಲೆ ನನಗೆ ಕೋಪ ಇಲ್ಲ, ಅವನು ಹುಟ್ಟುವ ಹೊತ್ತಿಗೆ ಇಂಥ ಗಾಡಿಗಳೇ ಕಮ್ಮಿಯಾಗಿದ್ದವು. ಆದರೆ ಐದು ಸ್ಟಡ್ಡಿನ ಚಕ್ರವನ್ನು ಮೂರರ ಮೇಲೆ ಘಾಟಿಯಲ್ಲಿ ಇಳಿಸುವುದು ಸಾಧ್ಯವೇ ಇಲ್ಲದ ಮಾತು.

ಇಲ್ಲಿ ಒಂದು ವಿಷಯ ಎಚ್ಚರಿಕೆಯಿಂದ ಕೇಳಿ. ಇಂಟರ್ನೆಟ್ಟಿನಲ್ಲಿ ಸಿಗುವ ಜೀಪ್ ವಿಡಿಯೋಗಳು ಹೆಚ್ಚಾಗಿ ಅಮೆರಿಕದವು. ಅವರು 'ಡ್ರೈವರ್ ಸೈಡ್‌ಗೆ ಉಲ್ಟಾ ಥ್ರೆಡ್' ಅನ್ನುತ್ತಾರೆ. ಅವರ ಡ್ರೈವರ್ ಕೂರುವುದು ಎಡಗಡೆ. ನಮ್ಮಲ್ಲಿ ಡ್ರೈವರ್ ಬಲಗಡೆ, ಆದರೆ ಉಲ್ಟಾ ಥ್ರೆಡ್ ಎಡಗಡೆಯೇ. ವಿಡಿಯೋ ನೋಡಿ ನಮ್ಮ ಡ್ರೈವರ್ ಕಡೆಗೆ ಉಲ್ಟಾ ಸ್ಟಡ್ ತಂದರೆ ದುಡ್ಡು ದಂಡ. ಸ್ಟಡ್ಡಿನ ತುದಿ ನೋಡಿ, ಸಾಮಾನ್ಯವಾಗಿ ಅಲ್ಲಿ 'ಎಲ್' ಅಂತ ಒತ್ತಿರುತ್ತಾರೆ. ತುಕ್ಕು ಹಿಡಿದಿದ್ದರೆ ವೈರ್ ಬ್ರಷ್‌ನಿಂದ ಉಜ್ಜಿದರೆ ಕಾಣುತ್ತದೆ.

ಇನ್ನು ಸೆಟ್ ವಿಷಯ. ಈ ಜೀಪಿನ ಸ್ಟಡ್ ಅರ್ಧ ಇಂಚು ದಪ್ಪ, ಇಂಚಿಗೆ 20 ಸುತ್ತಿನ ಸಣ್ಣ ಥ್ರೆಡ್. ಅಂಗಡಿಯವರು 'ಯುಎನ್‌ಎಫ್' ಅಂದರೆ ಅರ್ಥ ಮಾಡಿಕೊಳ್ಳುತ್ತಾರೆ. ಮಿಲಿಮೀಟರ್‌ನಲ್ಲಿ ಹೇಳಿದರೆ 12.7 ದಪ್ಪ, ಸುತ್ತಿನಿಂದ ಸುತ್ತಿಗೆ 1.27. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, 12 ಎಂಎಂ ದಪ್ಪ, 1.25 ಸುತ್ತಿನ ಸ್ಟಡ್ ಎಲ್ಲ ಕಡೆ ಸಿಗುತ್ತದೆ. ಕಣ್ಣಿಗೆ ಎರಡೂ ಒಂದೇ ಥರ. ಜೀಪಿನ ನಟ್ಟು ಅದರ ಮೇಲೆ ಆರಾಮಾಗಿ ಏರುತ್ತದೆ, ಯಾಕೆಂದರೆ ಸುತ್ತು ಹೆಚ್ಚುಕಮ್ಮಿ ಒಂದೇ, ಸ್ಟಡ್ ಮಾತ್ರ ತೆಳು. ಏರಿತು ಅಂತ ಖುಷಿಪಟ್ಟರೆ ಕೆಟ್ಟಿರಿ. ಥ್ರೆಡ್ಡಿನ ತುದಿ ಮಾತ್ರ ಕಚ್ಚಿಕೊಂಡಿರುತ್ತದೆ. ಬಿಗಿ ಮಾಡುವಾಗಲೋ, ಓಡುವಾಗಲೋ ಕಿತ್ತು ಬರುತ್ತದೆ. ನನಗೆ ಮೊದಲು ತೋರಿಸಿದ ಬೇರೆ ಅಂಗಡಿಯಲ್ಲಿ ಕೊಟ್ಟಿದ್ದು ಅಂಥದ್ದೇ. ವರ್ನಿಯರ್ ಕ್ಯಾಲಿಪರ್ ಜೇಬಲ್ಲಿತ್ತು, ಅಲ್ಲೇ ಅಳೆದು ವಾಪಸ್ ಇಟ್ಟೆ.

ನಾನು ಕೊಂಡ ಅಂಗಡಿಯ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಕೌಂಟರ್ ಹಿಂದಿದ್ದ ಹಿರಿಯರು ಹಳೇ ಸ್ಟಡ್ ಕೈಗೆ ತಗೊಂಡು, ಥ್ರೆಡ್ ಗೇಜ್ ಇಟ್ಟು ನೋಡಿ, 'ಇದು ಎಡಗಡೆದು' ಅಂದರು. ಆಮೇಲೆ ನಾನು ಅಳೆಯುವ ತನಕ ಸುಮ್ನೆ ಕಾದರು. ಅವಸರ ಮಾಡಲಿಲ್ಲ. ಎಡಕ್ಕೆ ಹತ್ತು, ಬಲಕ್ಕೆ ಹತ್ತು, ಬೇರೆ ಬೇರೆ ಪೊಟ್ಟಣ. ಹಳೇ ಗಾಡಿಯ ಸಾಮಾನು ಮಾರುವವರು ಹೀಗಿರಬೇಕು.

ನಾನು ಅಳೆದದ್ದು ಥ್ರೆಡ್ ಅಷ್ಟೇ ಅಲ್ಲ. ಸ್ಟಡ್ಡಿನ ತಲೆಯ ಕೆಳಗೆ ಉದ್ದುದ್ದ ಹಲ್ಲುಗಳಿರುತ್ತವೆ. ಹಬ್ಬಿನ, ಅಂದರೆ ಚಕ್ರ ಕೂರುವ ನಡುಭಾಗದ, ತೂತಿನೊಳಗೆ ಕಚ್ಚಿಕೊಂಡು ಸ್ಟಡ್ ತಿರುಗದ ಹಾಗೆ ಹಿಡಿಯುವುದು ಈ ಹಲ್ಲುಗಳೇ. ಹಲ್ಲಿನ ದಪ್ಪ ತೂತಿಗಿಂತ ಸುಮಾರು ಕಾಲು ಮಿಲಿಮೀಟರ್ ಜಾಸ್ತಿ ಇರಬೇಕು. ಕಮ್ಮಿಯಾದರೆ ನಟ್ ಜೊತೆ ಸ್ಟಡ್ಡೂ ಸುತ್ತುತ್ತದೆ, ಆಮೇಲೆ ಚಕ್ರ ಬಿಚ್ಚುವುದೇ ದೊಡ್ಡ ರಾಮಾಯಣ. ಜಾಸ್ತಿಯಾದರೆ ಹಬ್ ಸೀಳಬಹುದು. ಥ್ರೆಡ್ ಸರಿಯಾಗಿದ್ದು ಹಲ್ಲಿನ ಅಳತೆ ತಪ್ಪಿದ ಸ್ಟಡ್‌ಗಳು ಮಾರ್ಕೆಟ್ಟಿನಲ್ಲಿ ಬೇಕಾದಷ್ಟಿವೆ. ಈ ಸೆಟ್ಟಿನಲ್ಲಿ ಎಲ್ಲವೂ ಒಂದೇ ಅಳತೆ ಬಂತು. ಹಲ್ಲು ಚೂಪಾಗಿ, ಸಮವಾಗಿ ಇದ್ದವು. ಒಂದೇ ಕೊರತೆ ಅಂದರೆ ಎಡಗಡೆಯ ಕೆಲವು ಸ್ಟಡ್‌ಗಳ ತುದಿಯಲ್ಲಿ 'ಎಲ್' ಗುರುತೇ ಇರಲಿಲ್ಲ. ಪೊಟ್ಟಣ ಬೆರೆತರೆ ಗೊಂದಲ ಆಗುತ್ತದೆ, ಹಾಗಾಗಿ ತಂದ ದಿನವೇ ಅವಕ್ಕೆ ಹಳದಿ ಬಣ್ಣ ಹಚ್ಚಿಟ್ಟೆ.

ಈಗ ಹಾಕುವ ಕೆಲಸ. ಮುಂದಿನ ಚಕ್ರದ್ದನ್ನು ಮನೆಯಲ್ಲಿ ಮಾಡಬಹುದು. ಹಿಂದಿನದಕ್ಕೆ ಯೋಚಿಸಿ. ಹಿಂದಿನ ಹಬ್ ಟೇಪರ್ (ತುದಿಗೆ ಸಣ್ಣದಾಗುವ) ಆಕ್ಸಲ್ ಮೇಲೆ ಕೀ (ಲೋಹದ ಬೆಣೆ) ಹಾಕಿ ಕೂರಿಸಿದ್ದು, ದಪ್ಪ ಪುಲ್ಲರ್ (ಎಳೆದು ಕಳಚುವ ಸಾಧನ) ಇಲ್ಲದೆ ಕದಲುವುದಿಲ್ಲ. ಸುತ್ತಿಗೆಯಿಂದ ಆಕ್ಸಲ್ ತುದಿಗೆ ಬಡಿಯುವವರನ್ನು ನೋಡಿದ್ದೇನೆ. ಆ ಪೆಟ್ಟೆಲ್ಲ ಒಳಗಿನ ಬೇರಿಂಗ್‌ಗೂ ಡಿಫರೆನ್ಷಿಯಲ್‌ಗೂ ಹೋಗುತ್ತದೆ. ನಾನು ಹಿಂದಿನದಕ್ಕೆ ಪುಲ್ಲರ್ ಬಾಡಿಗೆಗೆ ತಂದೆ.

ಮುಂದಿನದರಲ್ಲಿ ಬಿಚ್ಚಬೇಕಾದ್ದು ಫ್ಲೇಂಜಿನ (ಹಬ್ಬಿನ ಮುಂದಿನ ಅಗಲ ಬಿಲ್ಲೆ) ಆರು ಬೋಲ್ಟ್, ಸರ್‌ಕ್ಲಿಪ್ (ಉಂಗುರದಂಥ ಕ್ಲಿಪ್), ಆಮೇಲೆ ದೊಡ್ಡ ಎರಡು ನಟ್, ಅವುಗಳ ಮಧ್ಯೆ ಬಗ್ಗಿಸಿದ ಲಾಕ್ ವಾಷರ್. ಈ ದೊಡ್ಡ ನಟ್ಟಿಗೆ ಉಳಿ ಇಟ್ಟು ಹೊಡೆಯುವುದು ನಮ್ಮ ಕಡೆ ರೂಢಿ. ದಯವಿಟ್ಟು ಬೇಡ. ಜೀಪ್ ಸಾಮಾನಿನ ಅಂಗಡಿಯಲ್ಲಿ ಅದಕ್ಕೇ ಅಂತ ಪೈಪಿನ ಪಾನಾ ಸಿಗುತ್ತದೆ, ಬೆಲೆಯೂ ಕಮ್ಮಿ.

ಹಬ್ಬು, ಬ್ರೇಕ್ ಡ್ರಮ್ಮು ಕೈಗೆ ಬಂದ ಮೇಲೆ ನಿಜವಾದ ಕೆಲಸ ಶುರು. ನನ್ನ ಜೀಪಿನಲ್ಲಿ ಡ್ರಮ್ಮನ್ನು ಹಬ್ಬಿಗೆ ಹಿಡಿದಿಟ್ಟಿರುವುದೂ ಈ ಸ್ಟಡ್‌ಗಳೇ. ಕಂಪನಿಯಲ್ಲಿ ಸ್ಟಡ್ ಕೂರಿಸಿದ ಮೇಲೆ ಅದರ ಭುಜವನ್ನು ಒತ್ತಿ, ಹೂವಿನ ಹಾಗೆ ಸುತ್ತಲೂ ಅರಳಿಸಿರುತ್ತಾರೆ. ಆ ಅಂಚನ್ನು ಮೊದಲು ತೆಗೆಯದೆ ಸುತ್ತಿಗೆಯಿಂದ ಹೊಡೆದರೆ, ಅರಳಿದ ಉಕ್ಕು ತೂತಿನ ಮೂಲಕ ನುಗ್ಗಿ ತೂತನ್ನೇ ದೊಡ್ಡದು ಮಾಡುತ್ತದೆ. ತೂತು ದೊಡ್ಡದಾದ ಮೇಲೆ ಎಂಥ ಒಳ್ಳೆಯ ಸ್ಟಡ್ ತಂದರೂ ಹಿಡಿಯುವುದಿಲ್ಲ. 'ಹೊಸ ಸ್ಟಡ್ ಲೂಸಾಯ್ತು, ಡೂಪ್ಲಿಕೇಟ್ ಮಾಲು' ಅನ್ನುವ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಇಲ್ಲಿ ಆಗಿರುತ್ತದೆ ಅಂತ ನನ್ನ ನಂಬಿಕೆ. ಸ್ಟಡ್ಡಿನ ಮೇಲೆ ತೊಡಿಸಬಹುದಾದ ಟೊಳ್ಳು ಕಟರ್ ಒಂದನ್ನು ಲೇತ್ ಅಂಗಡಿಯಲ್ಲಿ ಮಾಡಿಸಿಕೊಂಡೆ. ಡ್ರಿಲ್ ಸ್ಟ್ಯಾಂಡಿಗೆ ಹಾಕಿ ನಿಧಾನವಾಗಿ ಕೊರೆದರೆ ಅಂಚು ಉಂಗುರದ ಹಾಗೆ ಕಳಚಿ ಬರುತ್ತದೆ.

ಆಮೇಲೆ ಒತ್ತಿ ತೆಗೆಯಬೇಕು. ತೂತಿನ ಪಕ್ಕದಲ್ಲೇ ಆಸರೆ ಇರಲಿ. ದಪ್ಪ ಪೈಪಿನ ತುಂಡನ್ನು ಸ್ಟಡ್ಡಿನ ತಲೆಯ ಸುತ್ತ ಬರುವ ಹಾಗೆ ಕೆಳಗಿಟ್ಟು, ಮೇಲಿಂದ ಒತ್ತಿದರೆ ತಲೆ ಪೈಪಿನೊಳಗೆ ಇಳಿಯುತ್ತದೆ. ಡ್ರಮ್ಮು ಬೀಡುಕಬ್ಬಿಣ, ಅಂಚನ್ನು ನೆಲಕ್ಕೆ ಕೊಟ್ಟು ಬಡಿದರೆ ಬಿರುಕು ಬಿಡುತ್ತದೆ.

ಈಗ ಆ ಟೂಲ್. ನೋಡಲು ಏನೂ ಅಲ್ಲ. ಒಂದು ಉಕ್ಕಿನ ಬಿಲ್ಲೆ, ಅದರೊಳಗೆ ಒತ್ತಡ ತಡೆಯುವ ಬೇರಿಂಗ್. ಸ್ಟಡ್ಡನ್ನು ಹಿಂದಿನಿಂದ ತೂರಿಸಿ, ಮುಂದಿನಿಂದ ಈ ಬಿಲ್ಲೆ ತೊಡಿಸಿ, ನಟ್ ಹಾಕಿ ತಿರುಗಿಸಿದರೆ ಸ್ಟಡ್ ಮೆಲ್ಲಗೆ ಒಳಗೆ ಬಂದು ಕೂರುತ್ತದೆ. ಜನ ಸಾಮಾನ್ಯವಾಗಿ ವಾಷರ್‌ಗಳ ರಾಶಿ ಹಾಕಿ ವೀಲ್ ನಟ್ಟಿನಿಂದಲೇ ಎಳೆಯುತ್ತಾರೆ. ಅಲ್ಲಿ ಘರ್ಷಣೆ ಜಾಸ್ತಿ. ಬಲವೆಲ್ಲ ವಾಷರ್ ಉಜ್ಜುವುದಕ್ಕೇ ಹೋಗುತ್ತದೆ, ಹೊಸ ಥ್ರೆಡ್ ತಿರುಚುತ್ತದೆ. ಬೇರಿಂಗ್ ಇದ್ದರೆ ಪಾನಾದ ಮೇಲೆ ಕೈ ಇಟ್ಟಾಗಲೇ ವ್ಯತ್ಯಾಸ ಗೊತ್ತಾಗುತ್ತದೆ. ಹಲ್ಲು ಕಚ್ಚುತ್ತಾ ಬರುವುದು, ಕೊನೆಗೆ ತಲೆ ಹಬ್ಬಿಗೆ ತಾಗಿ ಗಟ್ಟಿಯಾಗುವುದು, ಎರಡೂ ಬೇರೆ ಬೇರೆಯಾಗಿ ಕೈಗೆ ಸಿಗುತ್ತವೆ. ಟೂಲಿಗೆ ತನ್ನದೇ ಥ್ರೆಡ್ ಇಲ್ಲ, ಹಾಗಾಗಿ ಎಡಕ್ಕೂ ಬಲಕ್ಕೂ ನಡೆಯುತ್ತದೆ. ನನಗೆ ಇದೇ ದೊಡ್ಡ ಲಾಭ.

ಟೂಲಿನ ಕೊರತೆಯೂ ಹೇಳುತ್ತೇನೆ. ಬೇರಿಂಗ್ ಒಣಗಿಕೊಂಡೇ ಬಂತು, ಗ್ರೀಸ್ ನಾವೇ ತುಂಬಬೇಕು. ಮಧ್ಯದ ತೂತು ದೊಡ್ಡ ಸ್ಟಡ್‌ಗಳಿಗೂ ಆಗಲಿ ಅಂತ ಅಗಲ ಇಟ್ಟಿದ್ದಾರೆ, ಅರ್ಧ ಇಂಚಿನ ಸ್ಟಡ್ ಮೇಲೆ ಪಕ್ಕಕ್ಕೆ ಜರುಗುತ್ತದೆ. ಗಟ್ಟಿ ವಾಷರ್ ಒಂದನ್ನು ಮೇಲೆ ಇಟ್ಟರೆ ಸರಿಹೋಗುತ್ತದೆ. ಎಳೆಯಲು ಬೇರೆ ಹಳೇ ನಟ್ ಬಳಸಿ, ಓಡಿಸಲು ಇಟ್ಟ ನಟ್ ಬೇಡ. ಉಲ್ಟಾ ಥ್ರೆಡ್ಡಿನ ನಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದಿಲ್ಲ, ಹಾಗಾಗಿ ಕಿತ್ತ ಹಳೇ ನಟ್‌ಗಳಲ್ಲಿ ಚೆನ್ನಾಗಿರುವುದನ್ನು ಎತ್ತಿಟ್ಟುಕೊಳ್ಳಿ.

ಸೆಟ್ಟಿನ ನಟ್ ಯಾಕೆ ಬೇಡ? ಚಕ್ರದ ತೂತಿಗೆ ಕೂರುವ ಕೋನ್ ಭಾಗ ಒರಟಾಗಿತ್ತು, ಮೇಲಿನ ಹೊಳಪು ಉಗುರಿನಲ್ಲೇ ಏಳುತ್ತಿತ್ತು. ಚಕ್ರವನ್ನು ನಡುವಿಗೆ ತಂದು ಹಿಡಿಯುವುದು ಆ ಕೋನ್. ಅದರ ಮೇಲಿನ ಲೇಪ ಪುಡಿಯಾದರೆ ಬಿಗಿ ತಾನಾಗಿ ಸಡಿಲವಾಗುತ್ತದೆ. ನಾನು ಹಳೇ ಕಂಪನಿ ನಟ್‌ಗಳನ್ನೇ ತೊಳೆದು ಹಾಕಿದೆ, ಕಮ್ಮಿ ಬಿದ್ದವನ್ನು ಅದೇ ಅಂಗಡಿಯಲ್ಲಿ ಬಿಡಿಯಾಗಿ ಆರಿಸಿ ತಂದೆ. ಬಿಡಿ ನಟ್‌ಗಳು ನಿಜಕ್ಕೂ ಚೆನ್ನಾಗಿವೆ.

ಟಾರ್ಕ್ (ನಟ್ ಬಿಗಿಯುವ ತಿರುಚು ಬಲ) ಸುಮಾರು 70 ಫುಟ್-ಪೌಂಡ್, ಅಂದರೆ 95 ನ್ಯೂಟನ್ ಮೀಟರ್ ಇಟ್ಟೆ. ಥ್ರೆಡ್‌ಗೆ ಎಣ್ಣೆ ಹಚ್ಚಲಿಲ್ಲ. ಎಣ್ಣೆ ಇದ್ದರೆ ಅದೇ ಟಾರ್ಕಿಗೆ ಸ್ಟಡ್ ಜಾಸ್ತಿ ಎಳೆಯುತ್ತದೆ. ತುಕ್ಕಿನ ಭಯಕ್ಕೆ ಬಿಗಿ ಮಾಡಿದ ಮೇಲೆ ಹೊರಗೆ ಉಳಿದ ತುದಿಗೆ ಮಾತ್ರ ಗ್ರೀಸ್ ಸವರಿದೆ. ಐವತ್ತು ಅರವತ್ತು ಕಿಲೋಮೀಟರ್ ಓಡಿಸಿ ಮತ್ತೆ ನೋಡಿದಾಗ ಕೆಲವು ಸ್ವಲ್ಪ ತಿರುಗಿದವು, ಅದು ಸಹಜ. ಆಮೇಲೆ ಜುಲೈ, ಆಗಸ್ಟಿನ ಕೆಸರಿನಲ್ಲಿ ತೋಟದ ಏರಿನಲ್ಲೆಲ್ಲ ಓಡಿಸಿದ್ದೇನೆ, ಒಂದೂ ಕದಲಿಲ್ಲ.

ಉಲ್ಟಾ ಥ್ರೆಡ್ಡೇ ಬೇಡ, ಎಲ್ಲ ಬಲಕ್ಕೆ ಮಾಡಿಬಿಡಿ ಅಂತ ತುಂಬಾ ಜನ ಹೇಳಿದರು. ಮಾಡಿದರೆ ಅಪಾಯವೇನೂ ಇಲ್ಲ. ಇವತ್ತಿನ ಕಾರುಗಳಲ್ಲಿ ಎರಡೂ ಕಡೆ ಬಲ ಥ್ರೆಡ್ಡೇ ಇರುತ್ತದೆ, ಕೋನ್ ನಟ್ ಸರಿಯಾಗಿ ಬಿಗಿದರೆ ಸಾಕು. ಆದರೆ ಮಾಡುವುದಾದರೆ ಎಡಗಡೆಯ ಎರಡೂ ಚಕ್ರಕ್ಕೆ ಪೂರ್ತಿ ಮಾಡಿ. ಒಂದೇ ಚಕ್ರದಲ್ಲಿ ಎರಡು ಥರ ಬೆರೆಸಬೇಡಿ. ನಾನು ಬದಲಾಯಿಸಲಿಲ್ಲ. ಜೀಪು ಹುಟ್ಟಿದ್ದು ಹೀಗೆ, ಇರಲಿ ಅನ್ನಿಸಿತು. ಎಡಗಡೆಯ ಎರಡೂ ಚಕ್ರದ ಮೇಲೆ 'ಉಲ್ಟಾ ಥ್ರೆಡ್' ಅಂತ ಕನ್ನಡದಲ್ಲಿ ದಪ್ಪಕ್ಕೆ ಬರೆಸಿ, ಬಿಚ್ಚುವ ದಿಕ್ಕಿಗೆ ಬಾಣ ಹಾಕಿಸಿದ್ದೇನೆ.

ಅಂಗಡಿಗೆ ಹೋಗುವವರು ಹಳೇ ಸ್ಟಡ್, ಹಳೇ ನಟ್, ವರ್ನಿಯರ್ ಮೂರನ್ನೂ ಒಯ್ಯಿರಿ. ಹಬ್ ಬಿಚ್ಚಿದ್ದರೆ ತೂತಿನ ಅಳತೆಯನ್ನೂ ಬರೆದುಕೊಂಡು ಹೋಗಿ. ಹಬ್ಬಿನ ಹಿಂದಿನ ಗ್ರೀಸ್ ಸೀಲನ್ನೂ ಅದೇ ದಿನ ತಂದುಬಿಡಿ, ಬಿಚ್ಚಿದ ಮೇಲೆ ಹಳೆಯದನ್ನೇ ಹಾಕಿದರೆ ಗ್ರೀಸ್ ಸೋರಿ ಬ್ರೇಕ್ ಶೂ ನೆನೆಯುತ್ತದೆ.